ಸದ್ದಡಗಿಸುವ ಕೊಳವೆ: ಮೋಟಾರ್‌ಸೈಕಲ್ ಸೈಲೆನ್ಸರಿನ ಇತಿಹಾಸ ಮತ್ತು ಭೌತವಿಜ್ಞಾನ

ಚಿತ್ರದುರ್ಗ ನಗರಕ್ಕೆ ಹತ್ತಿರದಲ್ಲೇ ಇರುವ ಜೋಗಿಮಟ್ಟಿ ಬೆಟ್ಟಸಾಲನ್ನು ನೀವು ನೋಡಿರಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹರಡಿರುವ ಈ ಕಾಡು ಚಿರತೆ, ಕರಡಿ, ನವಿಲುಗಳ ನೆಲೆ. 2015ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತಂಪು ಗಾಳಿ, ಅಂಕುಡೊಂಕಾದ ಏರುರಸ್ತೆ, ಬೆಂಗಳೂರು-ಪುಣೆ ಹೆದ್ದಾರಿಯ ಸಾಮೀಪ್ಯ ಇವೆಲ್ಲ ಸೇರಿ ಬೈಕ್ ಸವಾರರಿಗೆ ಇಂಥ ಬೆಟ್ಟಗಳೆಂದರೆ ಅಚ್ಚುಮೆಚ್ಚು. ಸವಾರರಲ್ಲಿ ಕೆಲವರು ಕಂಪೆನಿ ಜೋಡಿಸಿಕೊಟ್ಟ ಸೈಲೆನ್ಸರನ್ನು ಕಳಚಿ, ಅಂಗಡಿಯಲ್ಲಿ ಕೊಂಡ ಗಟ್ಟಿ ಸದ್ದಿನ ಕೊಳವೆಯನ್ನು ಹಾಕಿಸಿಕೊಂಡಿರುತ್ತಾರೆ. ಏಕೆಂದು ಕೇಳಿ ನೋಡಿ. "ಸರ್, ಪಿಕಪ್ ಜಾಸ್ತಿ ಆಗುತ್ತೆ" ಎಂಬ ಉತ್ತರ ಬರುತ್ತದೆ. ನಿಮ್ಮ ಪಿಯುಸಿ ತರಗತಿಯಲ್ಲೂ ಈ ಮಾತನ್ನು ಗಟ್ಟಿಯಾಗಿ ನಂಬಿರುವ ವಿದ್ಯಾರ್ಥಿಗಳಿದ್ದಾರೆ.

ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆಯೇ? ಈ ನಂಬಿಕೆ ಹುಟ್ಟಿದ್ದು ಹೇಗೆ? ಆ ಸದ್ದಿನ ಬೆಲೆಯನ್ನು ತೆರುವವರು ಯಾರು? ಉತ್ತರಗಳು ಒಂದೂಕಾಲು ಶತಮಾನದ ಇತಿಹಾಸದಲ್ಲಿವೆ. ನೀವು ದಿನವೂ ಬೋಧಿಸುವ ತರಂಗಗಳ ಪಾಠದಲ್ಲೂ ಇವೆ.

ಸದ್ದು ಹುಟ್ಟುವ ಬಗೆ

ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ನಿಷ್ಕಾಸ ಕವಾಟ ತೆರೆದುಕೊಳ್ಳುವ ಹೊತ್ತಿಗೆ ಒಳಗಿನ ಅನಿಲದ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಹಲವು ಪಟ್ಟು ಇರುತ್ತದೆ. ಅನಿಲ ಒಮ್ಮೆಲೇ ಕೊಳವೆಗೆ ನುಗ್ಗುತ್ತದೆ. ಹೀಗೆ ಪ್ರತಿ ಬಾರಿಯೂ ಒಂದು ಒತ್ತಡದ ಸ್ಪಂದ. ಸ್ಪಂದಗಳ ಸರಣಿಯೇ ನಮಗೆ ಕೇಳಿಸುವ ಸದ್ದು.

ಒಂದು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸ್ಪಂದಗಳು. ಅಂದರೆ ಮೂಲ ಆವೃತ್ತಿ 25 ಹರ್ಟ್ಸ್. ಬುಲೆಟ್ ಬೈಕಿನ ಸದ್ದು 'ಡುಗು ಡುಗು' ಎಂದು ಬಿಡಿಬಿಡಿಯಾಗಿ ಕೇಳಿಸುವುದಕ್ಕೆ ಇದೇ ಕಾರಣ. ಎರಡು ಹೊಡೆತದ ಎಂಜಿನ್ ಪ್ರತಿ ಸುತ್ತಿಗೂ ಉರಿಯುವುದರಿಂದ ಅದೇ ವೇಗದಲ್ಲಿ ಅದರ ಮೂಲ ಆವೃತ್ತಿ 50 ಹರ್ಟ್ಸ್. ಸ್ಪಂದಗಳು ಥಟ್ಟನೆ ಏರಿ ಇಳಿಯುವುದರಿಂದ ಮೂಲ ಆವೃತ್ತಿಯ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಆವೃತ್ತಿಗಳೂ ಸಾಲುಸಾಲಾಗಿ ಹೊರಡುತ್ತವೆ. ಕಿವಿಗೆ ಹೆಚ್ಚು ಚುಚ್ಚುವುದು ಈ ಮೇಲಿನ ಆವೃತ್ತಿಗಳೇ.

ಮೊದಲ ಸೈಲೆನ್ಸರುಗಳು

ಗಾಟ್ಲೀಬ್ ಡೈಮ್ಲರ್ 1885ರಲ್ಲಿ ಜರ್ಮನಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಮೊದಲ ಎರಡುಚಕ್ರದ ವಾಹನವನ್ನು ತಯಾರಿಸಿದರು. ಆಗಿನ ರಸ್ತೆಗಳಲ್ಲಿ ಕುದುರೆಗಳದೇ ಓಡಾಟ. ಎಂಜಿನ್ನಿನ ಆರ್ಭಟಕ್ಕೆ ಕುದುರೆ ಬೆದರಿದರೆ ಗಾಡಿಯಲ್ಲಿದ್ದವರ ಗತಿ ಏನು? 1897ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬವರು ಎಂಜಿನ್ನಿನ ನಿಷ್ಕಾಸದ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದರು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಬಂದೂಕಿನ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಇವರು ಮ್ಯಾಕ್ಸಿಮ್ ಮೆಷಿನ್‌ಗನ್ ರೂಪಿಸಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಅವರ ಮಗ. ತಂದೆ ಸಿಡಿಸಿದ ಸದ್ದನ್ನು ಮಗ ಅಡಗಿಸಲು ಹೊರಟದ್ದು ತಂತ್ರಜ್ಞಾನದ ಇತಿಹಾಸದ ಒಂದು ಸ್ವಾರಸ್ಯ. ಅವರ ಕಂಪೆನಿ ಮುಂದೆ ಎಂಜಿನ್ನುಗಳಿಗೂ ಸೈಲೆನ್ಸರುಗಳನ್ನು ತಯಾರಿಸಿತು. ಅಮೆರಿಕದಲ್ಲಿ ಈ ಸಾಧನಕ್ಕೆ 'ಮಫ್ಲರ್' ಎನ್ನುತ್ತಾರೆ. ಬ್ರಿಟಿಷರ 'ಸೈಲೆನ್ಸರ್' ಎಂಬ ಹೆಸರು ನಮ್ಮ ಗ್ಯಾರೇಜುಗಳಲ್ಲಿ ನೆಲೆನಿಂತಿತು.

ಆ ಕಾಲದ ಸೈಲೆನ್ಸರುಗಳಲ್ಲಿ ಒಂದು ದೊಡ್ಡ ದೋಷವಿತ್ತು. ರಂಧ್ರವಿದ್ದ ತಗಡುಗಳನ್ನು ಡಬ್ಬಿಯೊಳಗೆ ಒತ್ತೊತ್ತಾಗಿ ಜೋಡಿಸಿ ಅನಿಲದ ಹರಿವಿಗೇ ಅಡ್ಡಿ ಮಾಡುತ್ತಿದ್ದರು. ಅನಿಲವನ್ನು ಹೊರದೂಡಲು ಪಿಸ್ಟನ್ ಹೆಚ್ಚು ಶ್ರಮಿಸಬೇಕಾಗುತ್ತಿತ್ತು. ಹೀಗೆ ಉಂಟಾಗುವ ಹಿಮ್ಮುಖ ಒತ್ತಡದಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತಿತ್ತು. ಆದ್ದರಿಂದ ಅನೇಕ ವಾಹನಗಳಲ್ಲಿ 'ಕಟೌಟ್' ಎಂಬ ಒಂದು ಮುಚ್ಚಳವಿರುತ್ತಿತ್ತು. ಏರು ಬಂದಾಗ ಸವಾರ ಅದನ್ನು ತೆರೆದರೆ ಅನಿಲ ಸೈಲೆನ್ಸರನ್ನು ತಪ್ಪಿಸಿ ನೇರ ಹೊರಬೀಳುತ್ತಿತ್ತು. ಸದ್ದು ಭುಗಿಲೇಳುತ್ತಿತ್ತು, ಗಾಡಿ ಸ್ವಲ್ಪ ಚುರುಕಾಗಿ ಏರುತ್ತಿತ್ತು. ಸದ್ದಿಗೂ ಶಕ್ತಿಗೂ ನಂಟು ಬೆಸೆದುಕೊಂಡದ್ದು ಇಲ್ಲಿಯೇ. ಅಂದಿನ ಮಟ್ಟಿಗೆ ಅದು ಅನುಭವದ ಮಾತೇ ಆಗಿತ್ತು ಎಂಬುದನ್ನು ನಾವು ಒಪ್ಪಬೇಕು.

ಇದಕ್ಕೆ ತಿದ್ದುಪಡಿ ಬಂದದ್ದೂ ರೇಸಿನ ಮೈದಾನದಿಂದಲೇ. ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಓಟದ ಪಥದ ಗದ್ದಲಕ್ಕೆ ಬೇಸತ್ತ ನೆರೆಹೊರೆಯವರು ನ್ಯಾಯಾಲಯದ ಮೆಟ್ಟಿಲೇರಿದರು. 1920ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಓಡುವ ಎಲ್ಲ ವಾಹನಗಳಿಗೂ ನಿರ್ದಿಷ್ಟ ಅಳತೆಯ ಸೈಲೆನ್ಸರ್ ಕಡ್ಡಾಯವಾಯಿತು. 'ಬ್ರೂಕ್‌ಲ್ಯಾಂಡ್ಸ್ ಕ್ಯಾನ್' ಎಂದು ಹೆಸರಾದ ಆ ದೊಡ್ಡ ಡಬ್ಬಿಯನ್ನು ಹೊತ್ತುಕೊಂಡೇ ಸವಾರರು ಮುಂದೆಯೂ ದಾಖಲೆಗಳನ್ನು ಮುರಿದರು. ಸದ್ದನ್ನು ತಗ್ಗಿಸಿದರೆ ವೇಗ ಸಾಯಲೇಬೇಕೆಂದಿಲ್ಲ ಎಂಬುದಕ್ಕೆ ಅದು ಮೊದಲ ದೊಡ್ಡ ಪುರಾವೆ.

ಖಾಲಿ ಕೋಣೆಯ ಚಮತ್ಕಾರ

ಹರಿವನ್ನು ತಡೆಯದೆ ಸದ್ದನ್ನು ತಡೆಯುವುದು ಹೇಗೆ? ಕೊಳವೆಯ ನಡುವೆ ಒಂದು ಅಗಲವಾದ ಖಾಲಿ ಕೋಣೆಯನ್ನು ಜೋಡಿಸಿದರೆ ಸಾಕು. ಕೊಳವೆ ಥಟ್ಟನೆ ಅಗಲವಾಗುವಲ್ಲಿ ಶಬ್ದದ ಅಲೆಯ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಮತ್ತೆ ಕಿರಿದಾಗುವಲ್ಲಿ ಇನ್ನೊಮ್ಮೆ ಪ್ರತಿಫಲನ. ಹೋಗುವ ಅಲೆ ಮತ್ತು ಮರಳುವ ಅಲೆಗಳ ವ್ಯತಿಕರಣದಿಂದ ಹೊರಹೋಗುವ ಸದ್ದು ಕುಗ್ಗುತ್ತದೆ. ಅನಿಲವೇನೋ ಹೆಚ್ಚಿನ ಅಡ್ಡಿಯಿಲ್ಲದೆ ಹರಿಯುತ್ತದೆ.

ಒಂದು ಲೆಕ್ಕ ಮಾಡೋಣ. ಕೋಣೆಯ ವ್ಯಾಸ ಕೊಳವೆಯ ನಾಲ್ಕರಷ್ಟು, ಅಂದರೆ ವಿಸ್ತೀರ್ಣ ಹದಿನಾರರಷ್ಟು ಇರಲಿ. ಕೋಣೆಯ ಉದ್ದ 30 ಸೆಂ.ಮೀ. ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 520 ಮೀಟರ್. ಕೋಣೆಯ ಉದ್ದ ತರಂಗದೂರದ ಕಾಲುಭಾಗಕ್ಕೆ ಸಮವಾದಾಗ, ಅಂದರೆ ಸುಮಾರು 430 ಹರ್ಟ್ಸ್ ಬಳಿ, ಸದ್ದು ಗರಿಷ್ಠ ಪ್ರಮಾಣದಲ್ಲಿ, 18 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಆದರೆ ಉದ್ದ ತರಂಗದೂರದ ಅರ್ಧಕ್ಕೆ ಸಮವಾದಾಗ, ಅಂದರೆ ಸುಮಾರು 870 ಹರ್ಟ್ಸ್ ಬಳಿ, ಕೋಣೆ ಇದ್ದೂ ಇಲ್ಲದಂತೆ! ಸದ್ದು ಪೂರ್ತಿ ದಾಟಿಹೋಗುತ್ತದೆ. ಆದ್ದರಿಂದಲೇ ಬೇರೆಬೇರೆ ಉದ್ದದ ಹಲವು ಕೋಣೆಗಳನ್ನು ಒಳಗೊಳವೆಗಳಿಂದ ಜೋಡಿಸಬೇಕಾಗುತ್ತದೆ. ಹೊರಗಿನಿಂದ ಬರೀ ತಗಡಿನ ಉರುಳೆಯಂತೆ ಕಾಣುವ ಸೈಲೆನ್ಸರಿನ ಒಳಗೆ ಇಷ್ಟು ಲೆಕ್ಕಾಚಾರ ಅಡಗಿದೆ.

ಈ ಲೆಕ್ಕಾಚಾರವನ್ನು ಕ್ರಮಬದ್ಧವಾಗಿ ಪ್ರಯೋಗಗಳೊಂದಿಗೆ ಹೋಲಿಸಿ ನೋಡಿದ ಒಂದು ಪ್ರಮುಖ ವರದಿ 1954ರಲ್ಲಿ ಅಮೆರಿಕದ ರಾಷ್ಟ್ರೀಯ ವಿಮಾನಯಾನ ಸಲಹಾ ಸಮಿತಿಯಿಂದ ಹೊರಬಂತು. ಇದು ನಾಸಾ ಸಂಸ್ಥೆಯ ಪೂರ್ವರೂಪ. ಮುಂದಿನ ಒಂದು ದೊಡ್ಡ ಹೆಜ್ಜೆ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಯಂತ್ರಶಿಲ್ಪ ವಿಭಾಗದ ಪ್ರೊ. ಎಂ. ಎಲ್. ಮುಂಜಾಲ್ ಅವರು ಕೊಳವೆ ಮತ್ತು ಸೈಲೆನ್ಸರುಗಳ ಶಬ್ದಶಾಸ್ತ್ರವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1987ರಲ್ಲಿ ಪ್ರಕಟವಾಯಿತು. ಸೈಲೆನ್ಸರಿನ ಪ್ರತಿ ಭಾಗವನ್ನೂ ಒಂದೊಂದು ಮಾತೃಕೆಯಾಗಿ ಬರೆದು, ಅವನ್ನು ಗುಣಿಸಿ, ಇಡೀ ಸೈಲೆನ್ಸರಿನ ವರ್ತನೆಯನ್ನು ಕಂಡುಹಿಡಿಯುವ ವಿಧಾನ ಅದರಲ್ಲಿದೆ. ಪಿಯುಸಿಯಲ್ಲಿ ಕಲಿತ ಮಾತೃಕೆಗಳಿಂದ ಏನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗೆ ನೀವು ಈ ಉದಾಹರಣೆಯನ್ನು ಕೊಡಬಹುದು. ಪ್ರೊ. ಮುಂಜಾಲ್ ಅವರು ರಾಷ್ಟ್ರೀಯ ಶಬ್ದಮಾಲಿನ್ಯ ನಿಯಂತ್ರಣ ಸಮಿತಿಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು.

ಪ್ರಾಗ್‌ನಿಂದ ಮೈಸೂರಿಗೆ

ಕರ್ನಾಟಕದಲ್ಲಿ ಬೈಕಿನ ಸದ್ದು ಎಂದೊಡನೆ ಹಿರಿಯರಿಗೆ ನೆನಪಾಗುವುದು ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಚೆಕೊಸ್ಲೊವಾಕಿಯದ ಪ್ರಾಗ್‌ನಲ್ಲಿ ಈ ಕಂಪೆನಿಯನ್ನು ಸ್ಥಾಪಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳನ್ನೂ ಜರ್ಮನಿಯ ವಾಂಡರರ್ ಕಂಪೆನಿಯ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ 'ಜಾವಾ' ಎಂಬ ಹೆಸರಾಯಿತು. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಅವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಮರುವರ್ಷದಿಂದ ಈ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅವು 'ಯೆಜ್ಡಿ' ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಹೊಸ ಕಂಪೆನಿಯೊಂದರ ಮೂಲಕ ಜಾವಾ 2018ರಲ್ಲೂ ಯೆಜ್ಡಿ 2022ರಲ್ಲೂ ಮರಳಿ ಬಂದಿರುವುದು ನಿಮಗೆ ತಿಳಿದೇ ಇದೆ; ಆದರೆ ಇವು ನಾಲ್ಕು ಹೊಡೆತದ ಎಂಜಿನ್ನಿನವು.

ಹಳೆಯ 250 ಸಿಸಿ ಜಾವಾಕ್ಕೆ ಒಂದೇ ಸಿಲಿಂಡರ್, ಆದರೆ ಎರಡು ನಿಷ್ಕಾಸ ಕೊಳವೆ, ಎರಡು ಸೈಲೆನ್ಸರ್. ಅದು ಎರಡು ಹೊಡೆತದ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕು. ಅರೆಬರೆ ಉರಿದ ಆಯಿಲ್ ಸೈಲೆನ್ಸರಿನೊಳಗೆ ಕಪ್ಪು ಇಂಗಾಲವಾಗಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ಶುಚಿ ಮಾಡಲೆಂದೇ ಒಳಗಿನ ರಂಧ್ರಗೊಳವೆಯನ್ನು, ಅಂದರೆ ಬ್ಯಾಫಲ್ಲನ್ನು, ಹಿಂದಿನಿಂದ ಹೊರಗೆಳೆಯುವಂತೆ ಮಾಡಿದ್ದರು. ಮೆಕ್ಯಾನಿಕ್ ಅದನ್ನು ತೆಗೆದು, ಬೆಂಕಿಯಲ್ಲಿ ಸುಟ್ಟು, ಕೆರೆದು ಮತ್ತೆ ಹಾಕುತ್ತಿದ್ದ. ಕಟ್ಟಿಕೊಂಡ ಬ್ಯಾಫಲ್ ತೆಗೆದೊಡನೆ ಬೈಕ್ ಚುರುಕಾಗಿ ಓಡುವುದು ಸಹಜ. ಕೆಲವು ಸವಾರರು ಅದನ್ನು ಮರಳಿ ಹಾಕಿಸಲೇ ಇಲ್ಲ. ಚುರುಕಾದದ್ದು ಕಟ್ಟಿದ್ದ ಇಂಗಾಲ ಹೋದದ್ದರಿಂದ. ಆದರೆ ಅದರ ಕೀರ್ತಿ ಸದ್ದಿಗೆ ಹೋಯಿತು! ಬ್ರೂಕ್‌ಲ್ಯಾಂಡ್ಸ್ ಕಾಲದ ನಂಬಿಕೆಗೆ ಇಲ್ಲಿ ಮತ್ತೊಂದು ಆಸರೆ ಸಿಕ್ಕಿತು.

ವಾಸ್ತವವಾಗಿ ಎರಡು ಹೊಡೆತದ ಎಂಜಿನ್ನಿಗೆ ನಿಷ್ಕಾಸ ಕೊಳವೆ ಬರೀ ಹೊಗೆಯ ದಾರಿಯಲ್ಲ, ಎಂಜಿನ್ನಿನದೇ ಒಂದು ಅಂಗ. ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪೆನಿಯ ಎಂಜಿನಿಯರ್ ವಾಲ್ಟರ್ ಕಾಡನ್. 1950ರ ದಶಕದಲ್ಲಿ ಅವರು ಕ್ರಮೇಣ ಅಗಲವಾಗಿ ಮತ್ತೆ ಕಿರಿದಾಗುವ ಶಂಕುವಿನಾಕಾರದ ಕೊಳವೆಯನ್ನು ರೇಸ್ ಬೈಕುಗಳಿಗಾಗಿ ಪಳಗಿಸಿದರು. ಅಗಲವಾಗುವ ಭಾಗದಿಂದ ಮರಳುವ ವಿರಳನದ ಅಲೆ ಸಿಲಿಂಡರಿನಿಂದ ಉರಿದ ಅನಿಲವನ್ನು ಹೀರಿ ತೆಗೆಯುತ್ತದೆ. ಕಿರಿದಾಗುವ ಭಾಗದಿಂದ ಮರಳುವ ಸಂಪೀಡನದ ಅಲೆ ಹೊರಗೆ ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ.

ಇಲ್ಲಿ ಹೊತ್ತು ಹೊಂದುವುದೇ ಮುಖ್ಯ. ನಿಮಿಷಕ್ಕೆ 6,000 ಸುತ್ತಿನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡು. ನಿಷ್ಕಾಸ ದ್ವಾರ ಅದರ ಅರ್ಧದಷ್ಟು, 5 ಮಿಲಿಸೆಕೆಂಡು ತೆರೆದಿರುತ್ತದೆ ಎನ್ನೋಣ. ಅಷ್ಟರಲ್ಲಿ ಅಲೆ ಸುಮಾರು 2.6 ಮೀಟರ್ ಚಲಿಸುತ್ತದೆ. ಹೋಗಿ ಬರಬೇಕಾದ್ದರಿಂದ ಪ್ರತಿಫಲಿಸುವ ಜಾಗ ಸುಮಾರು 1.3 ಮೀಟರ್ ದೂರದಲ್ಲಿರಬೇಕು. ಕೊಳವೆಯನ್ನು ಮನಬಂದಂತೆ ಕತ್ತರಿಸಿದರೆ ಅಲೆ ಬೇಗ ಮರಳಿ ಲೆಕ್ಕವೆಲ್ಲ ತಪ್ಪುತ್ತದೆ. ಸದ್ದು ಏರುತ್ತದೆ, ಶಕ್ತಿ ಇಳಿಯುತ್ತದೆ. ಈ ವಿದ್ಯೆಯ ಬೆಲೆ ಎಷ್ಟಿತ್ತೆಂದರೆ, 1961ರಲ್ಲಿ ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಸಮಯದಲ್ಲಿ ಪೂರ್ವ ಜರ್ಮನಿಯನ್ನು ತೊರೆದು, ತನಗೆ ಗೊತ್ತಿದ್ದ ರಹಸ್ಯಗಳೊಂದಿಗೆ ಜಪಾನಿನ ಸುಜುಕಿ ಕಂಪೆನಿಯನ್ನು ಸೇರಿದ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟ.

ಇಂದಿನ ನಾಲ್ಕು ಹೊಡೆತದ ಬೈಕುಗಳಲ್ಲಿ ಅಲೆಗಳ ಹೊಂದಾಣಿಕೆ ಇಷ್ಟು ನಾಜೂಕಲ್ಲ. ಆದರೆ ಬೇರೊಂದು ಕಟ್ಟುಪಾಡಿದೆ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನಕದ ಬೈಕುಗಳ ನಿಷ್ಕಾಸದಲ್ಲಿ ಆಮ್ಲಜನಕ ಸಂವೇದಕವೂ ಕ್ರಿಯಾವರ್ಧಕ ಪರಿವರ್ತಕವೂ ಇರುತ್ತವೆ. ಇಂಧನದ ಪ್ರಮಾಣ, ಕವಾಟದ ಹೊತ್ತು, ಕೊಳವೆ ಈ ಮೂರನ್ನೂ ಒಟ್ಟಿಗೆ ಹೊಂದಿಸುವ ರೇಸ್ ತಂತ್ರಜ್ಞರಿಗೆ ಒಂದಷ್ಟು ಲಾಭ ಸಿಗಬಹುದು. ಕೊಳವೆಯೊಂದನ್ನೇ ಬದಲಿಸುವ ಸವಾರನಿಗೆ ಸಿಗುವುದು ಮುಖ್ಯವಾಗಿ ಸದ್ದು. ಪರಿವರ್ತಕವನ್ನೂ ಕಿತ್ತರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಹೈಡ್ರೋಕಾರ್ಬನ್ನುಗಳು ಅದರ ಜೊತೆಗೆ.

ಸದ್ದಿನ ಸಾಮ್ರಾಜ್ಯ ಎಷ್ಟು ದೊಡ್ಡದು?

ಈಗ ಜೋಗಿಮಟ್ಟಿಯ ಏರಿನಲ್ಲಿ ಒಂದು ಬೈಕನ್ನು ಕಲ್ಪಿಸಿಕೊಳ್ಳಿ. ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ ಸದ್ದು 100 ಡೆಸಿಬೆಲ್ ಇರಲಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಬಾರಿ ಇಮ್ಮಡಿಸಿದರೆ 512 ಮೀಟರ್. ಅಲ್ಲಿಯೂ ಇನ್ನೂ 40 ಡೆಸಿಬೆಲ್ ಉಳಿದಿರುತ್ತದೆ. ಆಸ್ಪತ್ರೆ, ಶಾಲೆಗಳ ಸುತ್ತಲ ನಿಶ್ಶಬ್ದ ವಲಯಕ್ಕೆ ರಾತ್ರಿಯ ವೇಳೆ ನಮ್ಮ ಕಾನೂನು ಹಾಕಿರುವ ಮಿತಿ ಇದೇ 40 ಡೆಸಿಬೆಲ್. ಸೈಲೆನ್ಸರ್ ಆ ಸದ್ದನ್ನು 18 ಡೆಸಿಬೆಲ್ ತಗ್ಗಿಸಿದ್ದರೆ ಅದೇ 40 ಡೆಸಿಬೆಲ್ ಮಟ್ಟ 64 ಮೀಟರಿಗೇ ಮುಗಿಯುತ್ತಿತ್ತು. ದೂರದಲ್ಲಿ ಎಂಟು ಪಟ್ಟು ವ್ಯತ್ಯಾಸವೆಂದರೆ ವಿಸ್ತೀರ್ಣದಲ್ಲಿ ಅರವತ್ತನಾಲ್ಕು ಪಟ್ಟು! ಮರಗಿಡಗಳು ಮತ್ತು ಗಾಳಿ ಹೀರಿಕೊಳ್ಳುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಕೆಳಗಿನ ಆವೃತ್ತಿಗಳನ್ನು ಗಾಳಿ ಅಷ್ಟಾಗಿ ಹೀರುವುದಿಲ್ಲ. ದೂರದ ಬೈಕಿನ ಕಿರುಚು ಅಡಗಿದ ಮೇಲೂ 'ಡುಗು ಡುಗು' ಮಾತ್ರ ಕೇಳುತ್ತಲೇ ಇರುವುದು ಅದಕ್ಕಾಗಿ.

ಬೆಟ್ಟದ ಸೀಮೆಯಲ್ಲಿ ಇನ್ನೊಂದು ಸಂಗತಿಯುಂಟು. ಮೋಡವಿಲ್ಲದ ಸಂಜೆ ನೆಲ ಬೇಗ ತಣಿದು, ನೆಲದ ಬಳಿಯ ಗಾಳಿ ತಂಪಾಗಿಯೂ ಮೇಲಿನ ಗಾಳಿ ಬೆಚ್ಚಗೂ ಇರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದ್ದರಿಂದ ಮೇಲಕ್ಕೆ ಹೊರಟ ಅಲೆ ವಕ್ರೀಭವನ ಹೊಂದಿ ಮತ್ತೆ ನೆಲದತ್ತ ಬಾಗುತ್ತದೆ. ಹಗಲಿನಲ್ಲಿ ಕೇಳದ ಸದ್ದು ಮುಸ್ಸಂಜೆಯಲ್ಲಿ ಕಣಿವೆಯ ಊರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕಾಡುಪ್ರಾಣಿಗಳು ಬೇಟೆಗೆ, ಎಚ್ಚರಿಕೆಗೆ, ಸಂಗಾತಿಯ ಕರೆಗೆ ಕಿವಿಗೊಡುವ ಹೊತ್ತೂ ಅದೇ.

'ಸದ್ದಿದ್ದರೆ ಅಪಘಾತ ತಪ್ಪುತ್ತದೆ' ಎಂಬ ವಾದವನ್ನೂ ನೀವು ಕೇಳಿರುತ್ತೀರಿ. ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಮೇಲಿನ ಆವೃತ್ತಿಯ ಸದ್ದು ಹೆಚ್ಚಾಗಿ ಆ ದಿಕ್ಕಿಗೇ ಹೋಗುತ್ತದೆ. ಎದುರಿನಿಂದ ಗಾಜು ಏರಿಸಿಕೊಂಡು ಬರುವ ಕಾರಿನವನಿಗಿಂತ, ಬೈಕ್ ದಾಟಿಹೋದ ಮೇಲೆ ಹಿಂದೆ ಉಳಿದವರಿಗೆ ಅದು ಹೆಚ್ಚು ಕೇಳಿಸುತ್ತದೆ.

ಇಲ್ಲಿನ ಕಾನೂನು, ಅಲ್ಲಿನ ಕಾನೂನು

ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ. ತಯಾರಿಕೆಯ ಹಂತದಲ್ಲಿ, ಓಡುವ ಬೈಕಿನಿಂದ 7.5 ಮೀಟರ್ ದೂರದಲ್ಲಿ ಅಳೆದಾಗ, 175 ಸಿಸಿ ಮೀರಿದ ಬೈಕುಗಳಿಗೂ 80 ಡೆಸಿಬೆಲ್ ಮಿತಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ಶಬ್ದ ಮತ್ತು ವಾಯುಮಾಲಿನ್ಯದ ಮಾನಕಗಳನ್ನು ಮೀರಿದ ವಾಹನ ಓಡಿಸಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪೊಲೀಸರು ವಶಪಡಿಸಿಕೊಂಡ ಕೊಳವೆಗಳನ್ನು ರೋಡ್‌ರೋಲರ್ ಹರಿಸಿ ನಾಶಮಾಡುವ ದೃಶ್ಯ ರಾಜ್ಯದ ಹಲವು ಊರುಗಳಲ್ಲಿ ಕಂಡದ್ದೇ.

ಯುರೋಪಿನಲ್ಲಿ ಬೈಕ್ ಪ್ರವಾಸ ಮಾಡುವ ಕನಸು ನಮ್ಮ ಅನೇಕ ತರುಣರಿಗಿದೆ. ಅಲ್ಲಿ ಗಟ್ಟಿ ಸದ್ದಿಗೆ ಸ್ವಾತಂತ್ರ್ಯವಿದೆ ಎಂದು ಭಾವಿಸುವವರು ಆಲ್ಪ್ಸ್ ಪರ್ವತದ ಈ ಉದಾಹರಣೆಯನ್ನು ನೋಡಬೇಕು. ಆಸ್ಟ್ರಿಯದ ಟಿರೋಲ್ ಪ್ರಾಂತ 2020ರ ಜೂನ್ 10ರಿಂದ ಅಕ್ಟೋಬರ್ ಅಂತ್ಯದವರೆಗೆ ರಾಯ್ಟ ಜಿಲ್ಲೆಯ ಕೆಲವು ಜನಪ್ರಿಯ ಬೆಟ್ಟದ ರಸ್ತೆಗಳಲ್ಲಿ, ನಿಂತಲ್ಲಿ ಅಳೆದ ಸದ್ದು 95 ಡೆಸಿಬೆಲ್ ಮೀರುವ ಬೈಕುಗಳನ್ನು ನಿಷೇಧಿಸಿತು. ಕಣಿವೆಯ ಹಳ್ಳಿಗರ ದೂರೇ ಇದಕ್ಕೆ ಕಾರಣ. ರಸ್ತೆಯಲ್ಲಿ ಅಳೆಯುವ ಗೊಡವೆಯೇ ಇಲ್ಲ. ಯುರೋಪಿನ ನೋಂದಣಿ ಪತ್ರದ ಒಂದು ಅಂಕಣದಲ್ಲಿ ಈ ಸಂಖ್ಯೆ ನಮೂದಾಗಿರುತ್ತದೆ. ಅದನ್ನು ನೋಡಿಯೇ ತೀರ್ಮಾನ. ಅಲ್ಲಿ ಅಂಗಡಿಯಲ್ಲಿ ಸಿಗುವ ಕೊಳವೆಗಳಲ್ಲೂ ಕಳಚಬಹುದಾದ ಒಳಗೊಳವೆ ಇರುತ್ತಿತ್ತು. ಅದನ್ನು 'ಡಿಬಿ ಕಿಲ್ಲರ್' ಎನ್ನುತ್ತಾರೆ. ಮೈಸೂರಿನ ಬ್ಯಾಫಲ್ಲಿಗಾದ ಗತಿಯೇ ಅದಕ್ಕೂ ಆಯಿತು!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ 80 ಡೆಸಿಬೆಲ್, ಟಿರೋಲಿನ 95 ಡೆಸಿಬೆಲ್ ಇವೆರಡನ್ನೂ ಹಾಗೆಯೇ ಹೋಲಿಸಬಾರದು. ಮೊದಲನೆಯದು ಓಡುವ ಬೈಕಿನಿಂದ 7.5 ಮೀಟರ್ ದೂರದ್ದು. ಎರಡನೆಯದು ನಿಂತ ಬೈಕಿನ ಕೊಳವೆಯಿಂದ ಅರ್ಧ ಮೀಟರ್ ದೂರದ್ದು. ದೂರ ಹೇಳದ ಡೆಸಿಬೆಲ್‌ಗೆ ಅರ್ಥವಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಿ.

ತರಗತಿಯಲ್ಲಿ ಮಾಡಿ ನೋಡಿ

ಅಗಲವಾದ ಪಿವಿಸಿ ಕೊಳವೆಯ 30 ಸೆಂ.ಮೀ ಉದ್ದದ ತುಂಡಿನ ಎರಡೂ ತುದಿಗೆ ಮುಚ್ಚಳ ಹಾಕಿ. ಎರಡೂ ಮುಚ್ಚಳಗಳ ನಡುವೆ ರಂಧ್ರ ಕೊರೆದು ಸಣ್ಣ ಕೊಳವೆಗಳನ್ನು ಬಿಗಿಯಾಗಿ ಕೂರಿಸಿ. ದೊಡ್ಡದರ ವ್ಯಾಸ ಸಣ್ಣದರ ನಾಲ್ಕರಷ್ಟಿರಲಿ. ಒಂದು ಬದಿಯಲ್ಲಿ ಪುಟ್ಟ ಸ್ಪೀಕರ್ ಇಟ್ಟು ಮೊಬೈಲ್ ಫೋನಿನಿಂದ ಶುದ್ಧ ಸ್ವರ ಹೊರಡಿಸಿ. ಇನ್ನೊಂದು ಬದಿಯಲ್ಲಿ ಮತ್ತೊಂದು ಫೋನಿನ ಶಬ್ದಮಾಪಕ ಆ್ಯಪ್‌ನಿಂದ ಅಳೆಯಿರಿ. ಕೋಣೆಯ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಆದ್ದರಿಂದ 290 ಹರ್ಟ್ಸ್ ಬಳಿ ಸದ್ದು ಚೆನ್ನಾಗಿ ಕುಗ್ಗಬೇಕು, 575 ಹರ್ಟ್ಸ್ ಬಳಿ ಸುಲಭವಾಗಿ ದಾಟಬೇಕು. ಸಣ್ಣ ಕೊಳವೆಗಳದೇ ಅನುರಣನೆಯೂ ಸೇರಿಕೊಳ್ಳುವುದರಿಂದ, ಡಬ್ಬಿಯಿಲ್ಲದೆ ಬರೀ ಕೊಳವೆಯಿಂದಲೂ ಒಮ್ಮೆ ಅಳೆದು ಹೋಲಿಸಿ. ಆ್ಯಪ್ ತೋರಿಸುವ ಸಂಖ್ಯೆ ನಿಖರವಲ್ಲದಿದ್ದರೂ ವ್ಯತ್ಯಾಸ ತಿಳಿಯುತ್ತದೆ.

ಈ ಪ್ರಯೋಗ ಮಾಡಿದ ವಿದ್ಯಾರ್ಥಿಗೆ ಉಪದೇಶ ಬೇಕಾಗುವುದಿಲ್ಲ. ಸೈಲೆನ್ಸರ್ ಎಂಜಿನ್ನಿನ ಗಂಟಲು ಹಿಸುಕುವ ತಗಡಲ್ಲ, ಅಲೆಯ ವಿರುದ್ಧ ಅಲೆಯನ್ನೇ ನಿಲ್ಲಿಸುವ ಸಾಧನ ಎಂಬುದು ಅವನ ಕೈಯಿಂದಲೇ ಅವನಿಗೆ ತಿಳಿಯುತ್ತದೆ. ಅದನ್ನು ಕಿತ್ತೆಸೆಯುವ ನಿರ್ಧಾರ ಒಬ್ಬ ಸವಾರನದು. ಅದರ ಫಲ ಅರವತ್ತನಾಲ್ಕು ಪಟ್ಟು ವಿಸ್ತಾರದೊಳಗೆ ಓದುವ ಮಗುವಿನದು, ಮಲಗಿರುವ ರೋಗಿಯದು, ಕಿವಿಗೊಟ್ಟು ನಿಂತ ಕಾಡುಪ್ರಾಣಿಯದು. ಲೆಕ್ಕ ಬಲ್ಲ ವಿದ್ಯಾರ್ಥಿ ಈ ಎರಡನ್ನೂ ತೂಗಿ ನೋಡಬಲ್ಲ.